ಸಂಪತ್ ಕೆಟ್ಟಿದ್ದು ಸಿನಿಮಾದಿಂದಲಾ? ‘ಮಿಸ್ಟರ್ ಸಂಪತ್’ ಓದಿದವರು ಬನ್ನಿ

ಶಿರಾಗೇಟ್, ತುಮಕೂರು:

ಈ ತಿಂಗಳು ನಮ್ಮ ಓದುಗರ ಬಳಗ ಹಿಡಿದ ಪುಸ್ತಕ ಆರ್.ಕೆ. ನಾರಾಯಣ್ ಅವರ ‘ಮಿಸ್ಟರ್ ಸಂಪತ್’. 1949ರಲ್ಲಿ ಬಂದ ಕಾದಂಬರಿ. ಭಾನುವಾರ ಸೇರಿದಾಗ ಮುಕ್ಕಾಲು ಹೊತ್ತು ಒಂದೇ ಮಾತು. "ಪಾಪ, ಪ್ರೆಸ್ ನಡೆಸಿಕೊಂಡು ನೆಟ್ಟಗಿದ್ದ ಮನುಷ್ಯ, ಸಿನಿಮಾಕ್ಕೆ ಹೋಗಿ ಕೆಟ್ಟ." ಎಲ್ಲರೂ ತಲೆ ಆಡಿಸಿದರು. ನನಗೆ ಅಲ್ಲೇ ತಕರಾರು. ಕಾಫಿ ಬಂತು, ಮಾತು ಬೇರೆ ಕಡೆ ಹೋಯಿತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಓದದೇ ಇರುವವರಿಗೆ ಕಥೆ ಸುಮ್ನೆ ಚುಟುಕಾಗಿ. 1938ರ ಮಾಲ್ಗುಡಿ. ಶ್ರೀನಿವಾಸ ಅನ್ನುವವನು ‘ದಿ ಬ್ಯಾನರ್’ ಅಂತ ವಾರಪತ್ರಿಕೆ ಶುರು ಮಾಡುತ್ತಾನೆ. ಅದನ್ನು ಅಚ್ಚು ಹಾಕಿಕೊಡುವವನು ಸಂಪತ್. ಮುಂದೆ ಪ್ರೆಸ್ ಮುಚ್ಚುತ್ತದೆ, ಪತ್ರಿಕೆ ನಿಲ್ಲುತ್ತದೆ. ಸಂಪತ್ ಸಿನಿಮಾ ಕಂಪನಿ ಕಟ್ಟುತ್ತಾನೆ. ಕಥೆ ಬರೆಯೋಕೆ ಶ್ರೀನಿವಾಸನನ್ನೇ ಎಳೆದುಕೊಳ್ಳುತ್ತಾನೆ. ಆರಿಸಿಕೊಂಡ ಕಥೆ ಕಾಮದಹನ. ಪಾರ್ವತಿಯ ಪಾತ್ರಕ್ಕೆ ಶಾಂತಿ ಬರುತ್ತಾಳೆ. ಶಿವನ ಪಾತ್ರ ಕೊನೆಗೆ ಸಂಪತ್‌ನ ಪಾಲಾಗುತ್ತದೆ. ಚಿತ್ರ ಬಿಡಿಸುವ ರವಿ ಶೂಟಿಂಗ್ ನಡುವೆ ಹುಚ್ಚೆದ್ದು ಸೆಟ್ಟಿಗೆ ನುಗ್ಗುತ್ತಾನೆ. ಅಲ್ಲಿಗೆ ಪಿಕ್ಚರ್ ಢಮಾರ್.

ಈಗ ನನ್ನ ವಾದ. ಸಂಪತ್‌ನ ಪ್ರೆಸ್ಸನ್ನು ನೆನಪು ಮಾಡಿಕೊಳ್ಳಿ. ಮುಂದೆ ಅವನ ಮೇಜು, ಹಿಂದೆ ಒಂದು ಪರದೆ. ಗಿರಾಕಿ ಬಂದಾಗ ಪರದೆ ಕಡೆ ತಿರುಗಿ ಆಳುಗಳಿಗೆ ಆರ್ಡರ್ ಕೂಗುತ್ತಾನೆ. ಕೇಳಿದವರಿಗೆ ಒಳಗೆ ದೊಡ್ಡ ಕಾರ್ಖಾನೆಯೇ ಇದೆ ಅನ್ನಿಸಬೇಕು. ಒಳಗೆ ನೋಡಿದರೆ ಅಚ್ಚಿನ ಮೊಳೆ (ಒಂದೊಂದು ಅಕ್ಷರದ ಸೀಸದ ಅಚ್ಚು) ಜೋಡಿಸುವವನೂ ಅವನೇ, ಮಿಷನ್ ಓಡಿಸುವವನೂ ಅವನೇ, ಬಿಲ್ ವಸೂಲಿಗೆ ಹೋಗುವವನೂ ಅವನೇ. ಇದು ಸಿನಿಮಾ ಅಲ್ವಾ? ಸೆಟ್ ಇದೆ, ಸೌಂಡ್ ಇದೆ, ಪ್ರೇಕ್ಷಕ ಇದ್ದಾನೆ. ಅವನು ಸ್ಟುಡಿಯೋಕ್ಕೆ ಹೋಗಿ ಬದಲಾದದ್ದೇನೂ ಇಲ್ಲ. ಪರದೆ ದೊಡ್ಡದಾಯಿತು, ಅದಕ್ಕೆ ದುಡ್ಡು ಹಾಕುವವರು ಸಿಕ್ಕಿದರು, ಅಷ್ಟೆ.

ಬಯ್ಯುವವರು ಬಯ್ಯಬಹುದು.

ಮೊಳೆಮನೆ, ತಿಪಟೂರು:

ಬಯ್ಯೋಕೇ ಬಂದೆ. ನಮ್ಮದು ಪ್ರೆಸ್ಸಿನ ಮನೆ. ಟ್ರೆಡಲ್ ಮಿಷನ್ ಕಾಲಲ್ಲಿ ತುಳಿದು ಮದುವೆ ಕಾರ್ಡು, ಜಾತ್ರೆ ಹ್ಯಾಂಡ್‌ಬಿಲ್ಲು, ಸೊಸೈಟಿ ರಸೀದಿ ಪುಸ್ತಕ ಮಾಡಿದವರು. ಸಂಪತ್ ಆಳುಗಳನ್ನು ಕೂಗುವ ಜಾಗ ಓದಿ ನನಗೆ ನಗು ಬಂತು, ಆದರೆ ಮೋಸ ಅನ್ನಿಸಲಿಲ್ಲ. ಸಣ್ಣ ಪ್ರೆಸ್ಸಿನವನು ಹಾಗೆ ಮಾಡದಿದ್ದರೆ ಯಾರೂ ಅಡ್ವಾನ್ಸ್ ಕೊಡುವುದಿಲ್ಲ ಸ್ವಾಮಿ.

ಒಂದು ವಿಷಯ ಹೇಳುತ್ತೇನೆ. ಕನ್ನಡಕ್ಕೆ ಎಷ್ಟು ಮೊಳೆ ಬೇಕು ಗೊತ್ತಾ? ಇಂಗ್ಲಿಷಿನ ಕೇಸಿನಲ್ಲಿ, ಅಂದರೆ ಮೊಳೆ ಇಡುವ ಖಾನೆಗಳ ಪೆಟ್ಟಿಗೆಯಲ್ಲಿ, ಮುಗಿಯುವ ಕೆಲಸ ಅಲ್ಲ. ಕಾಗುಣಿತ ಬೇರೆ, ಒತ್ತಕ್ಷರ ಬೇರೆ. ಸಣ್ಣ ಪ್ರೆಸ್ಸಿನಲ್ಲಿ ಇಡೀ ಪುಸ್ತಕ ಒಟ್ಟಿಗೆ ಜೋಡಿಸಿ ಇಡುವಷ್ಟು ಮೊಳೆ ಇರುತ್ತಿರಲಿಲ್ಲ. ನಾಲ್ಕು ಪುಟ ಜೋಡಿಸು, ಪ್ರೂಫ್ ತೆಗೆ, ತಿದ್ದು, ಅಚ್ಚು ಹಾಕು. ಆಮೇಲೆ ಅದೇ ಮೊಳೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದೇ ಅದರದರ ಖಾನೆಗೆ ಹಾಕು. ಆಮೇಲೆ ಮುಂದಿನ ನಾಲ್ಕು ಪುಟ. ಒಟ್ಟಿಗೆ ಅಚ್ಚಾಗುವ ಇಂಥ ಒಂದು ಕಂತಿಗೆ ಫಾರಂ ಅನ್ನುತ್ತಿದ್ದೆವು. ಗಿರಾಕಿ ಬಂದು "ಪುಸ್ತಕ ಎಲ್ಲಿಗೆ ಬಂತು?" ಅಂದರೆ ಅಪ್ಪ ಒಳಗೆ ತಿರುಗಿ "ಏಯ್, ಐದನೇ ಫಾರಂ ಆಯ್ತೇನೋ?" ಅಂತ ಕೂಗುತ್ತಿದ್ದರು. ಒಳಗೆ ನಾನು, ಹೈಸ್ಕೂಲು ಹುಡುಗ, ಮೂರನೇ ಫಾರಂ ಮೊಳೆ ಬಿಚ್ಚುತ್ತಾ ಕೂತಿರುತ್ತಿದ್ದೆ.

ಹೇಳಬೇಕಾದ್ದು ಇಷ್ಟು. ಆ ಪರದೆಯ ಈಚೆ ನಾಟಕ ಇದ್ದರೂ ಆಚೆ ನಿಜವಾದ ಕೆಲಸ ನಡೆಯುತ್ತಿತ್ತು. ವಾರ ವಾರ ಬ್ಯಾನರ್ ಹೊರಗೆ ಬರುತ್ತಿತ್ತು. ಸ್ಟುಡಿಯೋದಲ್ಲಿ ಹೊರಗೆ ಬಂದದ್ದೇನು? ಒಂದು ರೀಲೂ ಇಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಶಿರಾಗೇಟ್, ತುಮಕೂರು:

ಸರಿಯಾದ ಏಟು. ಆದರೂ ಬಿಡಲ್ಲ. ಪ್ರೆಸ್ ನಿಂತಾಗ ಸಂಪತ್ ಎಷ್ಟು ಬೇಗ ಅದನ್ನು ಮರೆತ ನೋಡಿ. ಶ್ರೀನಿವಾಸ ಪತ್ರಿಕೆ ನಿಂತಿತಲ್ಲ ಅಂತ ಒದ್ದಾಡುತ್ತಾನೆ. ಸಂಪತ್ ಆಗಲೇ ಹೊಸ ಕಂಪನಿಯ ಕನಸು ಮಾರುತ್ತಿರುತ್ತಾನೆ. ನಿಮ್ಮ ಅಪ್ಪ ಹಾಗಿದ್ದರಾ?

ಮೊಳೆಮನೆ, ತಿಪಟೂರು:

ಇಲ್ಲ. ಮೊಳೆಯೇ ಬೇಡದ ಆಫ್‌ಸೆಟ್ ಅಚ್ಚು ಬಂದ ಮೇಲೂ ಎಷ್ಟೋ ವರ್ಷ ಕೇಸು ಮಾರಲಿಲ್ಲ. ಅಮ್ಮ ಬಯ್ಯುತ್ತಿದ್ದಳು, ಜಾಗ ತಿನ್ನುತ್ತೆ ಅಂತ.

ಕೊಬ್ಬರಿಮಂಡಿ, ತಿಪಟೂರು:

ನೀವಿಬ್ಬರೂ ಸಂಪತ್‌ನ ಹಿಂದೆ ಬಿದ್ದು ಸೋಮುನ ಮರೆತಿದ್ದೀರಿ. ಜಿಲ್ಲಾ ಬೋರ್ಡಿನ ದೊಡ್ಡ ಮನುಷ್ಯ, ಪಿಕ್ಚರಿಗೆ ದುಡ್ಡು ಹಾಕುವವನು. ಓದುವಾಗ ನಮ್ಮ ಕಡೆಯ ಎಷ್ಟು ಮುಖ ಕಣ್ಣ ಮುಂದೆ ಬಂತು ಅಂದರೆ! ಸಂಬಂಧಿಕರೊಬ್ಬರು ತೋಟದ ಮೇಲೆ ಸಾಲ ತೆಗೆದು ಪಿಕ್ಚರಿಗೆ ಹಾಕಿದರು. ಮುಹೂರ್ತದ ಫೋಟೋ ಮನೆಯಲ್ಲಿ ಈಗಲೂ ಇದೆ, ಫ್ರೇಮ್ ಹಾಕಿಸಿ. ಪಿಕ್ಚರ್ ಇಲ್ಲ.

ಅವರು ದಡ್ಡರಲ್ಲ. ಕೊಬ್ಬರಿ ವ್ಯಾಪಾರದಲ್ಲಿ ಕಾಸಿಗೆ ಕಾಸು ಲೆಕ್ಕ ಹಾಕುವವರು. ಉಂಡೆ ಕೊಬ್ಬರಿ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದೆಯೋ ಇಲ್ಲವೋ ಹೇಳುವ ಮನುಷ್ಯ. ಅಂಥವರು ಸ್ಕ್ರಿಪ್ಟ್ ಕೇಳದೆ ಚೆಕ್ ಬರೆದರು. ಯಾಕೆ? ನಾರಾಯಣ್ ಇದನ್ನು ಚೆನ್ನಾಗಿ ಹಿಡಿದಿದ್ದಾರೆ. ಸೋಮುಗೆ ಲಾಭದ ಆಸೆ ಇದೆ, ಆದರೆ ಅದಕ್ಕಿಂತ ಜಾಸ್ತಿ ಅವನಿಗೆ ಬೇಕಾದ್ದು ಆ ಜಾಗದಲ್ಲಿ ಒಂದು ಕುರ್ಚಿ. ಚರ್ಚೆಗೆ ಕರೆಯಬೇಕು, ಅಭಿಪ್ರಾಯ ಕೇಳಬೇಕು, ಹೀರೋಯಿನ್ ನಮಸ್ಕಾರ ಹೇಳಬೇಕು. ಸಂಪತ್ ಆ ಕುರ್ಚಿ ಹಾಕಿಕೊಟ್ಟ. ಅವನ ನಿಜವಾದ ಬಿಸಿನೆಸ್ ಅದು.

ನಂದಿಮೋಡ, ಚಿಕ್ಕಬಳ್ಳಾಪುರ:

ನಾನು ಗಾಂಧಿನಗರದಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ಆಗಿ ಒದ್ದಾಡಿ ಊರಿಗೆ ವಾಪಸ್ ಬಂದವನು. ಕೊಬ್ಬರಿಮಂಡಿಯವರ ‘ಕುರ್ಚಿ’ ನೂರಕ್ಕೆ ನೂರು. ಪ್ರೊಡ್ಯೂಸರ್ ಸೆಟ್ಟಿಗೆ ಬಂದಾಗ ಮಾನಿಟರ್ ಎದುರು ಕೂರಿಸಿ, ಆಗಾಗ "ಸರ್, ಟೇಕ್ ಓಕೇನಾ?" ಅಂತ ಕೇಳುವುದೇ ನನ್ನ ಕೆಲಸವಾಗಿತ್ತು. ಅವರು ಬೇಡ ಅಂದರೂ ಡೈರೆಕ್ಟರ್ ಮುಂದಿನ ಶಾಟ್‌ಗೆ ಹೋಗಿರುತ್ತಿದ್ದರು!

ನನಗೆ ಇಷ್ಟವಾದ ಪಾತ್ರ ಡಿ ಮೆಲ್ಲೋ. ಹಾಲಿವುಡ್ ಹೆಸರು ಹೇಳಿಕೊಂಡು ಬಂದ ಡೈರೆಕ್ಟರ್. ಅವನಿಗೆ ಶಿವ ಯಾರು, ಪಾರ್ವತಿ ಯಾರು ಅನ್ನುವುದೇ ಸರಿಯಾಗಿ ತಲೆಗೆ ಹೋಗಿಲ್ಲ. ಆದರೆ ಶಾಟ್ ಡಿವಿಷನ್, ಶೆಡ್ಯೂಲು, ಫೈಲು, ಎಲ್ಲಾ ಪಕ್ಕಾ. ನಾರಾಯಣ್ ಇಲ್ಲಿ ಸುಮ್ನೆ ತಮಾಷೆ ಮಾಡುತ್ತಿಲ್ಲ. ಮದ್ರಾಸಿನಲ್ಲಿದ್ದ ಎಸ್.ಎಸ್. ವಾಸನ್ ಅವರ ಜೆಮಿನಿ ಸ್ಟುಡಿಯೋ ಜೊತೆ ಅವರಿಗೆ ಒಡನಾಟ ಇತ್ತು. ದೊಡ್ಡ ಸ್ಟುಡಿಯೋ ಹೇಗೆ ನಡೆಯುತ್ತೆ ಅಂತ ಹತ್ತಿರದಿಂದ ಗೊತ್ತಿದ್ದವರು. ಆ ಕಥಾ ಚರ್ಚೆಯ ಅಧ್ಯಾಯ ಓದಿ. ಶ್ರೀನಿವಾಸ ಏನೋ ಗಂಭೀರವಾದದ್ದು ಮಾಡಬೇಕು ಅಂದುಕೊಂಡು ಬರುತ್ತಾನೆ. ಮೇಜಿನ ಸುತ್ತ ಕೂತವರು ಒಬ್ಬೊಬ್ಬರೂ ಒಂದೊಂದು ಕಡೆ ಎಳೆಯುತ್ತಾರೆ. ಇವತ್ತಿಗೂ ಹಾಗೇ ನಡೆಯುತ್ತೆ. ಮೇಜಿನ ಮೇಲೆ ಆಗ ಕಾಫಿ, ಈಗ ಬಿರಿಯಾನಿ.

ಹೀರೋ ಬದಲಾಗುವುದೂ ಅಷ್ಟೇ ನಿಜ. ಮೊದಲು ಶಿವನ ಪಾತ್ರಕ್ಕೆ ಬೇರೆ ನಟ ಇದ್ದ. ಅವನನ್ನು ಎಬ್ಬಿಸಿ ಸಂಪತ್ ತಾನೇ ಜಟೆ ಕಟ್ಟಿಕೊಳ್ಳುತ್ತಾನೆ, ಶಾಂತಿಯ ಪಕ್ಕ ನಿಲ್ಲಬೇಕು ಅಂತ. ದುಡ್ಡು ತಂದವನು ಮೇಕಪ್ ಹಾಕಿಕೊಂಡ ಕಥೆ ಒಂದಲ್ಲ ಎರಡಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಹೆಸರು ಬೇಡ.

ಅಂತರಗಂಗೆ, ಕೋಲಾರ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಪ್ರೆಸ್ಸಿನವನು, ಸಾಹುಕಾರ, ಡೈರೆಕ್ಟರು. ಶಾಂತಿ ಎಲ್ಲಿ? ನಿಮ್ಮ ಮಾತಿನಲ್ಲೂ ಅವಳು "ಶಾಂತಿ ಬರುತ್ತಾಳೆ", "ಶಾಂತಿಯ ಪಕ್ಕ", ಅಷ್ಟೇ. ಕಾದಂಬರಿಯಲ್ಲೂ ಪರಿಸ್ಥಿತಿ ಹೆಚ್ಚು ಕಡಿಮೆ ಇದೇ.

ಅವಳನ್ನು ನಾವು ಯಾರ ಕಣ್ಣಿಂದ ನೋಡುತ್ತೇವೆ? ರವಿಗೆ ಅವಳು ದೇವಸ್ಥಾನದಲ್ಲಿ ಹಿಂದೆ ಒಮ್ಮೆ ಕಂಡ ಹುಡುಗಿಯ ಪಡಿಯಚ್ಚು. ಇವಳಲ್ಲಿ ಅವನು ಅವಳನ್ನು ಹುಡುಕುತ್ತಾನೆ. ಸಂಪತ್‌ಗೆ ಮನೆಯಲ್ಲಿ ಹೆಂಡತಿ ಮಕ್ಕಳಿದ್ದೂ ಕೈಗೆ ಸಿಕ್ಕ ಹೊಸ ಬಾಳು. ಕ್ಯಾಮೆರಾಗೆ ಪಾರ್ವತಿ. ಶ್ರೀನಿವಾಸನಿಗೆ ತಲೆನೋವು. ಇಷ್ಟು ಜನರ ನಡುವೆ ಆ ಹೆಣ್ಣುಮಗಳಿಗೆ ಏನು ಬೇಕಿತ್ತು? ಅವಳು ಸಿನಿಮಾಕ್ಕೆ ಬಂದದ್ದು ದುಡ್ಡಿಗಾ, ಆಸೆಗಾ, ಮನೆಯ ಕಷ್ಟಕ್ಕಾ? ಎಲ್ಲಾ ಮುರಿದು ಬಿದ್ದ ಮೇಲೆ ಅವಳು ಹೊರಟು ಹೋಗುತ್ತಾಳೆ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಅವಳು ತಾನಾಗಿ ಮಾಡುವ ದೊಡ್ಡ ಕೆಲಸ ಅದೊಂದೇ. ಅದೂ ಹೆಚ್ಚು ಕಡಿಮೆ ನಮ್ಮ ಕಣ್ಣಿನ ಆಚೆ ಆಗಿ ಹೋಗುತ್ತದೆ.

ಸಂಪತ್‌ನ ಹೆಂಡತಿಯೂ ಅಷ್ಟೆ. ಶ್ರೀನಿವಾಸನ ಹೆಂಡತಿಯೂ ಅಷ್ಟೆ. ಅವಳನ್ನೂ ಮಗನನ್ನೂ ಊರಲ್ಲಿ ಬಿಟ್ಟು ಬಂದು ಆತ್ಮ ಶೋಧನೆಯ ಸಂಪಾದಕೀಯ ಬರೆಯುತ್ತಾ ಕೂರುತ್ತಾನೆ ಆ ಪುಣ್ಯಾತ್ಮ! ಅವಳು ತಾನೇ ಬಂದು ಬಾಗಿಲಲ್ಲಿ ನಿಂತ ಮೇಲೆ ಸಂಸಾರ ನೆನಪಾಗುತ್ತದೆ.

ಶಿರಾಗೇಟ್, ತುಮಕೂರು:

ಒಪ್ಪಲೇಬೇಕಾದ ಮಾತು. ಒಂದು ಸಣ್ಣ ಪ್ರಶ್ನೆ ಮಾತ್ರ. ಶಾಂತಿ ಮಸುಕಾಗಿರುವುದು ನಾರಾಯಣ್ ಅವರ ಕೊರತೆಯೋ, ಅಥವಾ ಸಿನಿಮಾ ಅವಳನ್ನು ಹೀಗೆ ಮಾಡಿತು ಅಂತ ತೋರಿಸುವ ಉದ್ದೇಶವೋ?

ಅಂತರಗಂಗೆ, ಕೋಲಾರ:

ಉದ್ದೇಶ ಅಂತ ಹೇಳುವುದು ಸುಲಭ. ಉದ್ದೇಶ ಆಗಿದ್ದರೆ ಎಲ್ಲೋ ಒಂದು ಕಡೆ ಸುಳಿವು ಇರಬೇಕಿತ್ತು. ಮೇಕಪ್ ಕಳಚಿದ ಒಂದು ಗಳಿಗೆ, ಒಂದು ಬೇಸರದ ಮಾತು. ಇಲ್ಲ. ರವಿಯ ಒಳಗಿನ ಉರಿಗೆ ಪುಟಗಟ್ಟಲೆ ಜಾಗ ಇದೆ. ಆ ಉರಿ ಯಾರ ಮೇಲೆ ಬಿತ್ತೋ ಅವಳಿಗೆ ಹೆದರಿಕೆ ಆಯಿತೋ ಏನೋ, ನಾವು ಕೇಳುವುದೂ ಇಲ್ಲ. ಇವತ್ತು ಹೀರೋಯಿನ್ ಮೇಲೆ ಒಬ್ಬ ಅಭಿಮಾನಿ ಸೆಟ್ಟಿನಲ್ಲಿ ಹಾಗೆ ಮುಗಿಬಿದ್ದರೆ ಸುದ್ದಿ ಹೇಗೆ ಬರೆಯುತ್ತೇವೆ? "ಪಾಪ, ಕಲಾವಿದ" ಅಂತೀವಾ?

ಗುಬ್ಬಿ ರಸ್ತೆ, ತುಮಕೂರು:

ತಡವಾಗಿ ಸೇರಿಕೊಂಡೆ, ಕ್ಷಮಿಸಿ. ಶಾಂತಿಯ ವಿಷಯಕ್ಕೆ ಒಂದು ಎಳೆ ಸೇರಿಸುತ್ತೇನೆ. ಯಾರೂ ಎತ್ತದೇ ಇರುವುದು ನೋಡಿ ಆಶ್ಚರ್ಯ.

ಈ ಸಂಪತ್ ಮೊದಲು ಕಾಣಿಸಿಕೊಂಡದ್ದು ಕಾದಂಬರಿಯಲ್ಲಲ್ಲ. 1947ರಲ್ಲಿ ಜೆಮಿನಿಯವರು ‘ಮಿಸ್ ಮಾಲಿನಿ’ ಅಂತ ತಮಿಳು ಚಿತ್ರ ತೆಗೆದರು. ಕಥೆ ನಾರಾಯಣ್ ಅವರದು. ಕೊತ್ತಮಂಗಲಂ ಸುಬ್ಬು ನಿರ್ದೇಶನ ಮಾಡಿ, ಸಂಪತ್‌ನ ಪಾತ್ರವನ್ನೂ ತಾವೇ ಮಾಡಿದರು. ಮಾಲಿನಿ ಒಂದು ನಾಟಕ ಕಂಪನಿಯ ನಟಿ, ಪಾತ್ರ ಮಾಡಿದ್ದು ಪುಷ್ಪವಲ್ಲಿ. ಸಂಪತ್ ಮಾತಿನ ಮಲ್ಲ, ಅವಳ ತಲೆ ಕೆಡಿಸಿ ಬೇರೆ ಕಂಪನಿ ಕಟ್ಟಿಸುತ್ತಾನೆ. ಕಾದಂಬರಿ ಬಂದದ್ದು ಎರಡು ವರ್ಷ ಆದಮೇಲೆ. 1952ರಲ್ಲಿ ಮತ್ತೆ ವಾಸನ್ ಅವರೇ ಹಿಂದಿಯಲ್ಲಿ ‘ಮಿಸ್ಟರ್ ಸಂಪತ್’ ತೆಗೆದರು. ಮೋತಿಲಾಲ್ ಸಂಪತ್, ಪದ್ಮಿನಿ ನಟಿ. ಅದರಲ್ಲೂ ನಾಟಕ ಕಂಪನಿಯೇ.

ಗಮನಿಸಿ. ಎರಡೂ ಚಿತ್ರಗಳಲ್ಲಿ ಕೆಡುವುದು ನಾಟಕ ಕಂಪನಿ. ಕಾದಂಬರಿಯಲ್ಲಿ ಮಾತ್ರ ಸಿನಿಮಾ ಸ್ಟುಡಿಯೋ. ಸಿನಿಮಾದವರು ತಮ್ಮ ಕನ್ನಡಿಯನ್ನು ನಾಟಕದವರ ಕಡೆ ತಿರುಗಿಸಿಟ್ಟರು! ಇನ್ನೊಂದು. ಚಿತ್ರಗಳಲ್ಲಿ ನಟಿ ಕಥೆಯ ನಡುವೆ ಇದ್ದಾಳೆ, 1947ರದ್ದಕ್ಕೆ ಹೆಸರೇ ಅವಳದು. ಕಾದಂಬರಿಗೆ ಬರುವಷ್ಟರಲ್ಲಿ ಅವಳು ಮೂಲೆಗೆ ಸರಿದಳು, ಹೆಸರು ಗಂಡಸಿನದಾಯಿತು. ಅಂತರಗಂಗೆಯವರ ದೂರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ನಾವು ಗುಬ್ಬಿ ನಾಟಕ ಕಂಪನಿಯ ಊರಿನ ಕಡೆಯವರು. ಹಾಗಾಗಿ ನಾಟಕದಿಂದ ಸಿನಿಮಾಕ್ಕೆ ಹೋಗುವುದು ಅಂದರೆ ಬರೀ ಕೆಡುವುದು ಅಂತ ಒಪ್ಪೋಕೆ ನನಗೆ ಆಗಲ್ಲ. ಗುಬ್ಬಿ ವೀರಣ್ಣನವರು ರಂಗದಲ್ಲಿ ಹೆಸರು ಮಾಡಿ, ಸಿನಿಮಾಕ್ಕೂ ದುಡ್ಡು ಹಾಕಿದರು. 1954ರ ‘ಬೇಡರ ಕಣ್ಣಪ್ಪ’ ಅವರ ಕಂಪನಿಯ ಬೆಂಬಲದಿಂದ ಆದ ಚಿತ್ರ. ರಾಜ್‌ಕುಮಾರ್ ಹೀರೋ ಆಗಿ ಬಂದದ್ದು ಅದರಲ್ಲೇ. ನಮ್ಮ ತಿಪಟೂರಿನ ನರಸಿಂಹರಾಜು ಬಂದದ್ದೂ ಅದರಲ್ಲೇ. ಅದೂ ಶಿವನ ಕಥೆ, ಅದೂ ಮದ್ರಾಸಿನಲ್ಲಿ ತೆಗೆದದ್ದು. ಅಲ್ಲಿ ಯಾಕೆ ಆಯಿತು, ಮಾಲ್ಗುಡಿಯಲ್ಲಿ ಯಾಕೆ ಆಗಲಿಲ್ಲ? ವೀರಣ್ಣನವರ ಹಿಂದೆ ದಶಕಗಳ ತಾಲೀಮು ಇತ್ತು. ಪಾತ್ರಧಾರಿಗಳಿಗೆ ಮಾತು ಗೊತ್ತಿತ್ತು, ಹಾಡು ಗೊತ್ತಿತ್ತು, ಬೆಳಗಿನ ಜಾವದವರೆಗೆ ನಿಂತು ಅಭ್ಯಾಸ ಇತ್ತು. ಸಂಪತ್‌ನ ಕಂಪನಿಯಲ್ಲಿ ಒಬ್ಬರಿಗೂ ಆ ಕಸುಬಿಲ್ಲ. ಕಸುಬು ಇದ್ದವನು ಒಬ್ಬನೇ, ಚಿತ್ರ ಬಿಡಿಸುವ ರವಿ. ಅವನೇ ಮೊದಲು ಮುರಿದು ಬಿದ್ದ.

ಮೊಳೆಮನೆ, ತಿಪಟೂರು:

ಇದು! ನಾನು ಹೇಳೋಕೆ ಹೊರಟದ್ದೂ ಇದನ್ನೇ. ಸಂಪತ್‌ಗೂ ಒಂದು ಕಸುಬಿತ್ತು, ಅಚ್ಚಿನ ಕೆಲಸ. ಅದನ್ನು ಬಿಟ್ಟ.

ಅಂದಹಾಗೆ ಸಂಪತ್‌ಗೆ ಮೂಲ ಮೈಸೂರಿನ ಮುದ್ರಕ ಚೆಲುವ ಅಯ್ಯಂಗಾರ್ ಅಂತ ಹೇಳುತ್ತಾರೆ. ನಾರಾಯಣ್ 1941ರಲ್ಲಿ ‘ಇಂಡಿಯನ್ ಥಾಟ್’ ಅನ್ನುವ ಪತ್ರಿಕೆ ತಂದಾಗ ಅವರ ಪರಿಚಯ ಆದದ್ದು. ಬ್ಯಾನರ್ ಪತ್ರಿಕೆಯ ಗೋಳಿನಲ್ಲಿ ಅಷ್ಟು ಜೀವ ಇರುವುದು ಅದಕ್ಕೇ ಇರಬೇಕು.

ಹಳೇಪ್ರೇಕ್ಷಕ, ಚಿಂತಾಮಣಿ:

ನಮ್ಮ ಕಡೆ ಕಾಮನ ಹಬ್ಬಕ್ಕೆ ಹುಡುಗರು ಮನೆ ಮನೆಗೆ ಹೋಗಿ ಸೌದೆ ಕೇಳುತ್ತಾರೆ, ಕೊಡದಿದ್ದರೆ ಕದಿಯುತ್ತಾರೆ. ಹುಣ್ಣಿಮೆ ರಾತ್ರಿ ಕಾಮನನ್ನು ಸುಡುತ್ತಾರೆ. ಬೇಡದ ಆಸೆ ಸುಟ್ಟು ಹೋಗಲಿ ಅಂತ ದೊಡ್ಡವರು ಹೇಳಿಕೊಡುತ್ತಿದ್ದರು. ಆ ಹುಡುಗರ ಕಣ್ಣು ಮಾತ್ರ ಬೆಂಕಿಯ ಆಚೆ ನಿಂತ ಹುಡುಗಿಯರ ಮೇಲೆ. ಈ ಕಾದಂಬರಿಯ ಸ್ಟುಡಿಯೋದಲ್ಲಿ ಆದದ್ದೂ ಅದೇ. ಕಾಮನನ್ನು ಸುಡಬೇಕಾದ ಶಿವನೇ ಪಾರ್ವತಿಗೆ ಬಿದ್ದ. ಕಾಮದಹನ ಬರೆದ ಶ್ರೀನಿವಾಸನಿಗೆ ತನ್ನ ಕಥೆ ಕಣ್ಣೆದುರೇ ನಡೆಯುತ್ತಿದೆ ಅಂತ ಹೊಳೆಯೋಕೆ ಎಷ್ಟು ಹೊತ್ತು ಹಿಡಿಯಿತು!

ಇನ್ನು ಆ ಮನೆ ಮಾಲೀಕ ಮುದುಕ. ಊರಲ್ಲಿ ಮನೆಗಳಿವೆ, ಬಾಡಿಗೆ ಬರುತ್ತೆ. ತಾನು ಮಾತ್ರ ಸನ್ಯಾಸಿಯ ಹಾಗೆ ಬದುಕುತ್ತಾ, ಬೀದಿ ನಲ್ಲಿಯಲ್ಲಿ ಸ್ನಾನ ಮಾಡುತ್ತಾನೆ. ಮೊಮ್ಮಗಳನ್ನು ರವಿಗೆ ಕಟ್ಟುವ ಯೋಚನೆ ಬೇರೆ. ಸಿನಿಮಾಕ್ಕೂ ಅವನಿಗೂ ಸಂಬಂಧ ಇಲ್ಲ ಅನ್ನಿಸುತ್ತೆ. ಆದರೆ ಶಿರಾಗೇಟ್ ಹೇಳಿದ ಪರದೆ ಅವನಿಗೂ ಇದೆ. ಒಬ್ಬ ಕಾರ್ಖಾನೆ ಇದೆ ಅಂತ ತೋರಿಸುತ್ತಾನೆ, ಇನ್ನೊಬ್ಬ ಏನೂ ಇಲ್ಲ ಅಂತ ತೋರಿಸುತ್ತಾನೆ.

ಕೊಬ್ಬರಿಮಂಡಿ, ತಿಪಟೂರು:

ಹಳೇಪ್ರೇಕ್ಷಕರೇ, ಆ ಮುದುಕ ನಮ್ಮ ಬೀದಿಯಲ್ಲೂ ಇದ್ದಾನೆ. ಮೂರು ಮಳಿಗೆ ಬಾಡಿಗೆ, ಕಾಲಿಗೆ ಹರಿದ ಚಪ್ಪಲಿ.

ನಂದಿಮೋಡ, ಚಿಕ್ಕಬಳ್ಳಾಪುರ:

ಶ್ರೀನಿವಾಸನನ್ನು ಯಾರೂ ಸರಿಯಾಗಿ ಹಿಡಿದಿಲ್ಲ. ನನ್ನ ಪ್ರಕಾರ ಪುಸ್ತಕದ ದೊಡ್ಡ ತಪ್ಪಿತಸ್ಥ ಅವನು. ಸಂಪತ್ ಏನು ಅಂತ ಅವನಿಗೆ ಗೊತ್ತು. ಶಾಂತಿ ವಿಷಯದಲ್ಲಿ ಏನು ನಡೀತಿದೆ ಗೊತ್ತು. ರವಿ ಒಳಗೊಳಗೇ ಬೇಯುತ್ತಿರುವುದು ಗೊತ್ತು. ಬ್ಯಾಂಕಿನ ಕೆಲಸ ಕಳೆದುಕೊಂಡ ಹುಡುಗ ಸ್ಟುಡಿಯೋದ ಅನ್ನ ತಿನ್ನುತ್ತಾ, ದಿನಾ ಅವಳನ್ನು ದೂರದಿಂದ ನೋಡುತ್ತಿದ್ದಾನೆ. ಆದರೂ ಶ್ರೀನಿವಾಸ ಸಂಬಳ ತೆಗೆದುಕೊಂಡು ಡೈಲಾಗ್ ಬರೆಯುತ್ತಾನೆ. ಎಲ್ಲಾ ಮುಗಿದ ಮೇಲೆ ರವಿಗೆ ಭೂತ ಬಿಡಿಸುವ ಪೂಜೆ ನಡೆಯುವಾಗ ಇವನಿಗೆ ದರ್ಶನ ಆಗುತ್ತದೆ. ಅದೇ ನೆಲದ ಮೇಲೆ ರಾಮ ನಡೆದ, ಬುದ್ಧ ಬಂದ, ಶಂಕರಾಚಾರ್ಯರು ಬಂದರು, ಬ್ರಿಟಿಷರು ಬಂದರು. ಯುಗ ಯುಗ ದಾಟಿದ ಈ ನೆಲದಲ್ಲಿ ಒಬ್ಬನ ಹುಚ್ಚು ಯಾವ ಲೆಕ್ಕ ಅಂತ ಸಮಾಧಾನ. ಅಲ್ಲಾ ಸ್ವಾಮಿ, ಎದುರಿಗೆ ಆ ಹುಡುಗ ಏಟು ತಿನ್ನುತ್ತಿದ್ದಾನೆ!

ಸ್ಕ್ರಿಪ್ಟ್ ಬರೆಯುವವರಲ್ಲಿ ಈ ಜಾತಿ ನಾನು ನೋಡಿದ್ದೇನೆ. ಪಿಕ್ಚರ್ ಓಡಿದರೆ "ನನ್ನ ಕಥೆ". ಬಿದ್ದರೆ "ನನ್ನ ಮಾತು ಯಾರು ಕೇಳಿದರು?"

ಹಳೇಪ್ರೇಕ್ಷಕ, ಚಿಂತಾಮಣಿ:

ಆ ದರ್ಶನ ನನಗೆ ಪುಸ್ತಕದ ಜೀವಾಳ. ವಯಸ್ಸಾದ ಮೇಲೆ ಓದಿ ನೋಡಿ. ಅಲ್ಲಿ ಅವನು ಜಾರಿಕೊಳ್ಳುತ್ತಿಲ್ಲ, ತನ್ನ ಕೈಯಲ್ಲಿ ಎಷ್ಟಿದೆ ಅಂತ ಅಳೆಯುತ್ತಿದ್ದಾನೆ. ಅಳೆದ ಮೇಲೆ ತನಗೆ ಗೊತ್ತಿದ್ದ ಒಂದೇ ಕೆಲಸಕ್ಕೆ, ಪತ್ರಿಕೆಗೆ ವಾಪಸ್ ಹೋಗುತ್ತಾನೆ.

ನಂದಿಮೋಡ, ಚಿಕ್ಕಬಳ್ಳಾಪುರ:

ವಾಪಸ್ ಹೋಗೋಕೆ ಅವನಿಗೆ ಪತ್ರಿಕೆ ಇತ್ತು ಸರ್. ರವಿಗೆ ಏನಿತ್ತು?

ಅಂತರಗಂಗೆ, ಕೋಲಾರ:

ಶಾಂತಿಗೆ?

ಶಿರಾಗೇಟ್, ತುಮಕೂರು:

ಮೊಳೆಮನೆಯವರ ಮಾತಿನಿಂದ ನನ್ನ ವಾದ ಸ್ವಲ್ಪ ಜಾಗ ಬದಲಾಯಿಸಿದೆ, ಬಿದ್ದಿಲ್ಲ. ಸಂಪತ್ ಮೊದಲಿಂದಲೂ ನಟ. ಪ್ರೆಸ್ಸಿನಲ್ಲಿ ಆ ನಟನೆಗೆ ಕಸುಬಿನ ಹಗ್ಗ ಇತ್ತು. ವಾರಕ್ಕೊಮ್ಮೆ ಪತ್ರಿಕೆ ಹೊರಗೆ ಬರಲೇಬೇಕಿತ್ತು. ಸ್ಟುಡಿಯೋದಲ್ಲಿ ಆ ಹಗ್ಗ ಇಲ್ಲ, ಸೋಮುನಂಥವರ ದುಡ್ಡು ಇದೆ. ಕೊನೆಗೆ ಸಂಪತ್ ಶ್ರೀನಿವಾಸನನ್ನು ಬೀಳ್ಕೊಡುವ ಜಾಗ ಮತ್ತೆ ಓದಿದೆ. ಅಲ್ಲೂ ಅವನು ಪೂರ್ತಿ ಸೋತವನ ಹಾಗೆ ಕಾಣುವುದಿಲ್ಲ. ಒಂದೆರಡು ವರ್ಷದಲ್ಲಿ ಇನ್ನೊಂದು ಊರಲ್ಲಿ ಇನ್ನೊಂದು ಬೋರ್ಡು ಹಾಕುತ್ತಾನೆ ಅಂತಲೇ ನನ್ನ ಗುಮಾನಿ. ನನಗೆ ಅವನ ಮೇಲೆ ಸಿಟ್ಟು ಬರುತ್ತಿಲ್ಲ, ಏನು ಮಾಡಲಿ.

ಅಂತರಗಂಗೆ, ಕೋಲಾರ:

ಅದೇ ಅವನ ಬಂಡವಾಳ. ಯಾರಿಗೂ ಸಿಟ್ಟು ಬರುವುದಿಲ್ಲ. ಸಾಲ ಕೊಟ್ಟವರನ್ನು, ಮನೆಯಲ್ಲಿ ಕಾದು ಕೂತವಳನ್ನು ಒಂದು ಮಾತು ಕೇಳಿ ಬನ್ನಿ.

ಮುಂದಿನ ತಿಂಗಳಿಗೆ ನಮ್ಮ ಕೋಲಾರದವರದೇ ಇರಲಿ. ಅ.ನ.ಕೃ. 1908ರಲ್ಲಿ ಹುಟ್ಟಿದ್ದು ಇಲ್ಲೇ. ಅವರ ಕಾದಂಬರಿ ‘ನಟಸಾರ್ವಭೌಮ’ ಹಿಡಿಯೋಣ, ಅದರಲ್ಲಿ ನಟನೇ ನಡುವೆ ನಿಂತಿದ್ದಾನೆ. ಗುಬ್ಬಿ ರಸ್ತೆಯವರು ಈ ಸಲ ಮೊದಲ ದಿನವೇ ಬರಬೇಕು, ತಡ ಮಾಡಿದರೆ ಆಗಲ್ಲ. ಪ್ರತಿ ಸಿಕ್ಕದವರು ಹೇಳಿ, ನನ್ನ ಹತ್ತಿರ ಎರಡು ಇವೆ.

ಗುಬ್ಬಿ ರಸ್ತೆ, ತುಮಕೂರು:

ಒಂದು ನನಗೆ ಎತ್ತಿಡಿ. ಬಸ್ಸಿನಲ್ಲಿ ಕಳಿಸಿದರೂ ಆಗುತ್ತೆ, ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳುತ್ತೇನೆ.